ಬಾಗಿಲು ತೆಗೆಯದ ಮುದುಕ

ಅಪ್ಪಾ,

ನಿಮ್ಮ ಆ ಮಾಫಿಯಾ ಸಿನಿಮಾದ ಕಾಟ ನೀವು ಹೋದ ಮೇಲೂ ತಪ್ಪಿಲ್ಲ. ನಿಮ್ಮ ಕೋಣೆ ಖಾಲಿ ಮಾಡೋಣ ಅಂತ ಇವತ್ತು ಕ್ಲಿನಿಕ್ಕಿಗೆ ರಜೆ ಹಾಕಿ ಬಂದರೆ, ಅಮ್ಮ ನಿಮ್ಮ ಕುರ್ಚಿಯಲ್ಲಿ ಕೂತು ಅದರ ಮೂರನೇ ಭಾಗ ನೋಡ್ತಿದ್ದಾಳೆ! "ಬರೀ ಬಂದೂಕು, ರಕ್ತ, ಕೋಟು ಹಾಕಿದ ರೌಡಿಗಳು" ಅಂತ ಜನ್ಮವಿಡೀ ನಿಮಗೆ ಬೈದ ಅದೇ ಅಮ್ಮ.

"ನಿಂಗೂ ಹುಚ್ಚು ಹಿಡೀತಾ?" ಅಂದೆ.

"ಸುಮ್ನಿರೇ. ಹೇಳದೆ ಮದುವೆಯಾದಳು ಅಂತ ಮಗಳನ್ನ ಹೊರಗೆ ಹಾಕಿದ್ನಲ್ಲ ಆ ಮುದುಕ, ಅವಳೀಗ ಬಾಗಿಲಿಗೆ ಬಂದಿದ್ದಾಳೆ."

ನಾನೂ ಹಾಗೇ ಮದುವೆಯಾಗಿ ನಿಮ್ಮಿಂದ ಹೊರಗೆ ಹಾಕಿಸಿಕೊಂಡವಳು ಅನ್ನೋದು ಅವಳಿಗೆ ಮರೆತಿತ್ತೋ, ಇಲ್ಲವೋ.

"ಬಾಗಿಲು ತೆಗೀತಾನಾ?"

"ಎಲ್ಲಿ ತೆಗೀತಾನೆ! ಎಷ್ಟು ಸಲ ನೋಡಿದೀನಿ. ಆದ್ರೂ ಈ ಸಲ ತೆಗೀತಾನೇನೋ ಅನ್ಸುತ್ತೆ, ಹಾಳಾದವನು."

ಮೈಯೆಲ್ಲ ಉರಿದುಹೋಯ್ತು. ಊರನ್ನೇ ನಡುಗಿಸೋ ಗಂಡಸಿಗೆ ಒಂದು ಚಿಲಕ ತೆಗೆಯೋಕೆ ಕೈ ಬರಲ್ಲ. ಇಂಥದನ್ನು ಜನ ಇಷ್ಟು ವರ್ಷದಿಂದ ಬಾಯಿ ಬಿಟ್ಟುಕೊಂಡು ನೋಡ್ತಾರೆ! "ಆಫ್ ಮಾಡಮ್ಮಾ" ಅಂದೆ.

ಮಾಡಲಿಲ್ಲ. ಟೀವಿ ಕಡೆಗೇ ನೋಡ್ತಾ ಹೇಳಿದಳು: "ಈ ಜಾಗ ಬಂದಾಗಲೆಲ್ಲ ನಿಮ್ಮಪ್ಪ ನೀರು ಕುಡಿಯೋಕೆ ಅಂತ ಎದ್ದು ಹೋಗೋರು. ವಾಪಸ್ ಬಂದು, 'ತೆಗೆದ್ನಾ?' ಅಂತ ನನ್ನ ಕೇಳೋರು."

ಅವಳನ್ನು ಕೇಳೋಕೆ ಆಗ್ತಿತ್ತು ನಿಮಗೆ. ನನ್ನ ಮನೆ ಎರಡೇ ಬೀದಿ ಆಚೆ ಇತ್ತಲ್ಲ ಅಪ್ಪಾ.

ಬಾಯಿಗೆ ಬಂದ ಹಾಗೆ ಬೈಕೊಂಡು ಅಮ್ಮನ ಪಕ್ಕ ಕೂತೆ. ಕೊನೆತನಕ ನೋಡಿದೆ. ಅವನು ತೆಗೆಯಲಿಲ್ಲ.