ಕಾಲೆತ್ತದ ಇಲಿಗಳು

ಮಾರ್ಚ್ 3, ರಾತ್ರಿ

ಮತ್ತೆ ಬಿಸಿ ತಟ್ಟೆ. ಮಾರ್ಫಿನ್ ಜಾತಿಯ ನಮ್ಮ ಹೊಸ ನೋವಿನ ಔಷಧಿಗೆ ಇದು ಕೊನೆಯ ಸುತ್ತು. ಇಲಿಗೆ ಚುಚ್ಚುವುದು, ತಟ್ಟೆ ಮೇಲೆ ಬಿಡುವುದು, ಕಾಲು ಎತ್ತುವವರೆಗೆ ಸ್ಟಾಪ್‌ವಾಚ್ ಹಿಡಿದು ಕೂರುವುದು. ತಡವಾಗಿ ಎತ್ತಿದಷ್ಟೂ ನೋವು ಕಡಿಮೆ ಅಂತ ಲೆಕ್ಕ. ಇವತ್ತು ಒಂದೂ ಎತ್ತಲಿಲ್ಲ. ಸುಟ್ಟೀತೆಂದು ಕೊನೆಗೆ ನಾವೇ ಎತ್ತಿಕೊಂಡೆವು.

ಬೆಣ್ಣೆಗೆ — ನಮ್ಮ ಲ್ಯಾಬ್ ಹೆಡ್‌ಗೆ ನಾನಿಟ್ಟ ಅಡ್ಡಹೆಸರು, ಮಾತು ಹಾಗೆ ಜಾರುತ್ತದೆ — ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. "ಮಾರ್ಫಿನ್ನನ್ನೇ ಮೀರಿಸ್ತಲ್ರೀ! ರೋಗಿಗಳ ಮೇಲಿನ ಟ್ರಯಲ್‌ಗೆ ನಿಮ್ಮಕ್ಕನ ಹೆಸರು ಮೊದಲನೇ ಬ್ಯಾಚಿಗೇ ಹಾಕ್ಸಿದೀನಿ."

ಅಕ್ಕನಿಗೆ ಮೂಳೆ ಕ್ಯಾನ್ಸರ್. ಹಗಲೂ ರಾತ್ರಿ ನರಳಾಟ. ಫೋನಿನಲ್ಲಿ ಹೇಳಿದಾಗ ಖುಷಿಗೆ ಅತ್ತೇಬಿಟ್ಟಳು.

ಮಾರ್ಚ್ 6

ಚುಚ್ಚಿದ ಮೇಲೆ ಇಲಿಗಳು ನೀರಿನ ಹತ್ತಿರವೂ ಹೋಗುತ್ತಿಲ್ಲ. ಕೈಕಾಲಿನ ಹಿಡಿತ ನೋಡಲು ತಿರುಗುವ ಕೋಲಿನ ಮೇಲೆ ಬಿಟ್ಟೆ. ದೊಪ್ಪೆಂದು ಬಿದ್ದವು, ಒಂದೊಂದೂ. ಕೈಕಾಲೇ ಸ್ವಾಧೀನದಲ್ಲಿಲ್ಲ... ಕಾಲು ಎತ್ತುವುದು ಹೇಗೆ?

ಮಾರ್ಚ್ 7

ಎದೆಬಡಿತ ಅಳೆಯುವ ಯಂತ್ರ ಹಚ್ಚಿ ಮತ್ತೆ ತಟ್ಟೆಗೆ ಬಿಟ್ಟೆ. ಅಯ್ಯೋ. ಬಿಸಿ ತಗುಲಿದ್ದೇ ತಡ, ಬಡಿತ ಎಲ್ಲಿಗೋ ಏರಿತು. ಮಾರ್ಫಿನ್ ಕೊಟ್ಟವಕ್ಕೆ ಹೀಗಾಗಲಿಲ್ಲ. ಅಂದರೆ ನೋವು ಪೂರ್ತಿ ಇದೆ, ಒದ್ದಾಡುವ ತ್ರಾಣ ಮಾತ್ರ ಇಲ್ಲ. ಇಷ್ಟು ದಿನ ನಾವು ಅಳೆದದ್ದೇನು, ಮಣ್ಣಾಂಗಟ್ಟಿ?

ಬೆಣ್ಣೆಗೆ ತೋರಿಸಿದೆ.

"ಟೆಸ್ಟ್ ಅಳೆಯೋದು ಕಾಲೆತ್ತೋದನ್ನ ಕಣ್ರೀ. ಎತ್ತಿಲ್ಲ. ಮುಗೀತು. ಎದೆಬಡಿತ ಯಾರು ಕೇಳಿದ್ರು ನಿಮ್ಮನ್ನ?"

"ಸರ್, ಬಾಯಿಗೆ ಬಟ್ಟೆ ತುರುಕಿ ಹೊಡೆದು, ಕೂಗ್ಲೇ ಇಲ್ಲ ಅಂದ ಹಾಗಾಯ್ತು ಇದು!"

"ಸುಸ್ತಾಗಿದೀರ. ಸ್ವಲ್ಪ ರಜಾ ತಗೊಳ್ಳಿ." ಎಷ್ಟು ನಯ! ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 12

ಎಥಿಕ್ಸ್ ಕಮಿಟಿಯವರ ಬಾಗಿಲು ಬಡಿದೆ. "ಮುಂದಿನ ತಿಂಗಳು ಮೀಟಿಂಗ್ ಇದೆಯಲ್ಲ, ಆಗ ನೋಡೋಣ." ಟ್ರಯಲ್ ಸೋಮವಾರವೇ ಶುರು ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ನಾಚಿಕೆಗೆಟ್ಟವರು! ಅಕ್ಕನ ಹೆಸರನ್ನಾದರೂ ತೆಗೆಸಿದೆ. ಉಳಿದವರೂ ಯಾರಿಗೋ ಅಕ್ಕ, ತಮ್ಮ, ಅಪ್ಪ ತಾನೇ... ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಮಾತ್ರೆಯ ಹೊತ್ತಾಯಿತು ಎಂದು ಫೋನಿಟ್ಟಳು.

ಮಾರ್ಚ್ 16, ಭಾನುವಾರ ಸಂಜೆ

ಅಕ್ಕನ ಫೋನ್. ಬೆಣ್ಣೆ ಖುದ್ದಾಗಿ ಅವಳ ಮನೆಗೆ ಹೋಗಿದ್ದನಂತೆ. ಹೆಸರು ಮತ್ತೆ ಸೇರಿಸಿಕೊಂಡಿದ್ದಾನೆ. ನಾಳೆ ಬೆಳಿಗ್ಗೆಯೇ ಮೊದಲ ಇಂಜೆಕ್ಷನ್. ಬಾಯಿಗೆ ಬಂದಂತೆ ಕೂಗಾಡಿದೆ.

"ನಿನ್ನ ಇಲಿ ಕಥೆ ಸಾಕು ಕಣೇ," ಅಂದಳು. "ನಂಗೆ ಈ ಒದ್ದಾಟ ನಿಂತ್ರೆ ಸಾಕು." ಕಟ್ ಮಾಡಿದಳು. ಆಮೇಲೆ ಎತ್ತುತ್ತಲೇ ಇಲ್ಲ.

ನಿಲ್ಲುವುದು ಒದ್ದಾಟವೊಂದೇ ಅಕ್ಕಾ, ನೋವಲ್ಲ! ನೀನು ಕಿರುಚಲೂ ಆಗದೆ ಬಿದ್ದುಕೊಂಡಿದ್ದರೆ, ಪಕ್ಕದಲ್ಲಿ ಕೂತವರು ಬರೆದುಕೊಳ್ಳುವುದು — ‘ನೋವಿಲ್ಲ’.