ಕುತ್ತಿಗೆಯ ಅಳತೆ

ಮಾರ್ಚ್ ೧೪, ಶನಿವಾರ

ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಬ್ರೀಡರಮ್ಮನ ಹತ್ತಿರ ಮರಿ ತಗೊಳ್ಳೋದೋ, ಆಶ್ರಯಧಾಮದಿಂದ ನಾಯಿ ತರೋದೋ?

ಬ್ರೀಡರಮ್ಮನ ಬಗ್ಗೆ ಒಂದು ಕೆಟ್ಟ ಮಾತು ಆಡುವ ಹಾಗಿಲ್ಲ. ಬೆಳಿಗ್ಗೆ ಹೋದಾಗ ತಾಯಿನಾಯಿಯನ್ನು ಕರೆದು ತೋರಿಸಿದರು. "ದಿನವೆಲ್ಲಾ ಹೊಲಿಗೆ ಮಿಷನ್ ಸದ್ದು ಅಂತೀರಿ, ಮರಿ ಹೆದರಿದರೆ ಏನ್ ಮಾಡ್ತೀರಿ?" ಅಂತ ನನ್ನನ್ನೇ ವಿಚಾರಿಸಿಕೊಂಡರು. ಆ ಮರಿಗಳೋ, ಬೆಣ್ಣೆ ಮುದ್ದೆಗಳು!

ಮಧ್ಯಾಹ್ನ ಆಶ್ರಯಧಾಮಕ್ಕೆ ಹೋದರೆ, ಅಳತೆ ಟೇಪು ಇನ್ನೂ ನನ್ನ ಕೊರಳಲ್ಲೇ ನೇತಾಡುತ್ತಿದೆ. ಅಂಗಡಿಯಿಂದ ಹೊರಡುವಾಗ ತೆಗೆಯೋದು ಎಂದಿನ ಹಾಗೆ ಮರೆತಿದ್ದೆ. ಯಾರೋ ಮನೆ ಬದಲಿಸುವಾಗ ಬಿಟ್ಟುಹೋದ ದೊಡ್ಡ ಕಂದು ನಾಯಿಯೊಂದು ಬಂದು ಟೇಪಿನ ತುದಿ ಕಚ್ಚಿತು. ಬಿಡಿಸಿಕೊಳ್ಳಲು ಬಗ್ಗಿದವಳು, ಕೈ ಸುಮ್ಮನಿರಬೇಕಲ್ಲ, ಅದರ ಕುತ್ತಿಗೆಯ ಅಳತೆ ತಗೊಂಡುಬಿಟ್ಟೆ. ನನ್ನ ಗಿರಾಕಿಗಳು ಯಾವತ್ತೂ ಹಾಗೆ ಅಲ್ಲಾಡದೆ ನಿಂತಿಲ್ಲ!

ರಾತ್ರಿ ಊಟ ಆದಮೇಲೂ ತಂಗಿ ಬಿಡಲಿಲ್ಲ. "ಅಕ್ಕ, ಯಾವುದು ಅಂತ ಹೇಳೇ!"

"ಇನ್ನೂ ಯೋಚನೆ ಮಾಡ್ತಿದೀನಿ ಕಣೇ," ಅಂದು ಮಿಷನ್ ತುಳಿಯುತ್ತಲೇ ಇದ್ದೆ.

ನಾನು ಹೊಲಿಯುತ್ತಿದ್ದ ಕೆಂಪು ಕತ್ತುಪಟ್ಟಿಯನ್ನು ಎತ್ತಿ ನೋಡಿ ಬಿದ್ದು ಬಿದ್ದು ನಕ್ಕಳು. "ಇದರೊಳಗೆ ಆ ಮರಿ ಇಡಿಯಾಗಿ ತೂರಿ ಆಚೆ ಬರುತ್ತಲ್ಲೇ!"

ಹೌದಲ್ಲ! ಇನ್ನು ಬಕಲ್ ಕೂರಿಸೋದೊಂದೇ ಬಾಕಿ. ಬೆಳಗಾಗೋಕೆ ಇಷ್ಟೊಂದು ಹೊತ್ತು ಬೇಕಾ...