ಬಾಗಿಲು ಹಾಕಿಕೊಳ್ಳುವಷ್ಟು ಜಾಗ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಇವರ ಸ್ನಾನ ಮುಗಿಸಿದೆ. ಅಡುಗೆಮನೆಯಲ್ಲೇ, ಎಂದಿನಂತೆ. ಒಲೆಗೂ ಸಿಂಕಿಗೂ ನಡುವೆ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಗೋಣಿಚೀಲ, ಹಗ್ಗಕ್ಕೆ ಅಡ್ಡ ಬೆಡ್‌ಶೀಟ್. ಯಾರಿಂದ ಮರೆಯೋ ಗೊತ್ತಿಲ್ಲ. ಮನೆಯಲ್ಲಿರುವುದು ನಾವಿಬ್ಬರು, ನಾನು ಬೆಡ್‌ಶೀಟಿನ ಒಳಗಡೆಯೇ ಇರುತ್ತೇನೆ. ಆದರೂ ಬೇಕು.

"ಮೂಲೆ ಎಳಿಯೇ, ಸುಕ್ಕು ಬಿದ್ದಿದೆ" ಎಂದರು. ಮೈಮೇಲೆ ನೂಲಿಲ್ಲ, ಬೆಡ್‌ಶೀಟಿನ ಸುಕ್ಕಿನ ಚಿಂತೆ! ದೊಡ್ಡ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದವರು. ಬೆನ್ನುಹುರಿಯ ಕಾಯಿಲೆಗೆ ಕಾಲು ಸೋತವು. ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ನಮ್ಮ ಬಚ್ಚಲು ಮಹಡಿಯ ಮೇಲೆ. ಕೋಲೂರಿಕೊಂಡು ಹಾಲ್ ದಾಟುತ್ತಾರೆ, ಮೆಟ್ಟಿಲು ಹತ್ತಲಾಗದು. ಅದಕ್ಕೇ ಹಿಂದುಗಡೆ ಒಂದು ಕೋಣೆ, ಅದರೊಳಗೆ ಬಾತ್‌ರೂಮ್ ಕಟ್ಟಿಸಲು ಹೊರಟಿದ್ದು. "ಬಾಗಿಲು ಹಾಕ್ಕೊಂಡು, ಒಬ್ಬನೇ ಕೂತು, ನಾಲ್ಕು ಚೊಂಬು ನೀರು ಹುಯ್ಕೋಬೇಕು ಕಣೇ. ಇನ್ನೇನೂ ಬೇಡ" ಅನ್ನುತ್ತಾರೆ.

ಕಟ್ಟಡ ಕಚೇರಿಗೆ ಪ್ಲಾನ್ ಕೊಟ್ಟು ಎಷ್ಟು ಕಾಲವಾಯಿತು. ಹೂಂ ಇಲ್ಲ, ಉಹೂಂ ಇಲ್ಲ.

ಫೆಬ್ರವರಿ 19

ಪ್ಲಾನ್ ವಾಪಸ್. ಹೊಸ ಕೋಣೆ ಎದ್ದರೆ ಅಡುಗೆಮನೆಯ ಕಿಟಕಿ ಮುಚ್ಚಿಹೋಗುತ್ತದಂತೆ. ಮೆಡಿಕಲ್ ಶಾಪಿನ ಕೌಂಟರ್ ಇನ್ನೊಬ್ಬಳಿಗೆ ಒಪ್ಪಿಸಿ, ಊಟ ಬಿಟ್ಟು ಓಡಿದೆ. ಕಚೇರಿಯಲ್ಲಿ ಕೂತಿದ್ದ ಹೆಂಗಸು ತಲೆ ಎತ್ತಲಿಲ್ಲ.

"ಗಾಳಿ ಎಲ್ಲಿಂದ ಬರತ್ತೆ?"

"ಬಾಗಿಲಿದೆಯಲ್ಲ ಮೇಡಂ."

"ಬಾಗಿಲು ಕಿಟಕಿ ಅಲ್ಲಮ್ಮ."

ಇಷ್ಟು ದಿನ ನನಗೆ ಇದು ತಿಳಿದಿರಲಿಲ್ಲ ನೋಡಿ.

ಸಂಜೆ ಪ್ಲಾನ್ ಬರೆಯುವವನು ಬಂದು ಕಿಟಕಿಯನ್ನು ಪಕ್ಕದ ಗೋಡೆಗೆ ಸರಿಸಿಕೊಟ್ಟ. ಹೊರಡುವಾಗ, "ಕೋಣೆ ಬಾಗಿಲು ಮೂರಡಿಗಿಂತ ಅಗಲಾನೇ ಇಟ್ಬಿಡೋಣ ಸಾರ್, ಮುಂದಕ್ಕೆ ಬೇಕಾಗ್ಬಹುದು" ಎಂದ. ಮುಂದಕ್ಕೆ ಎಂದರೆ ಏನು ಅಂತ ಮೂವರಿಗೂ ಗೊತ್ತು. ಇವರ ಮುಖ ಗಂಟಾಯಿತು.

"ಅಷ್ಟು ಅಗಲದ ಬಾಗಿಲು ಆಸ್ಪತ್ರೇಲಿರತ್ತೆ. ಇದು ಮನೆ. ಎರಡೂವರೆ ಹಾಕಿ."

ನಾನು ಬಾಯಿ ತೆರೆದೆ. ಇವರು ನನ್ನ ಕಡೆ ನೋಡಿದರು. ಮುಚ್ಚಿಕೊಂಡೆ.

ಮಾರ್ಚ್ 14

ಒಪ್ಪಿಗೆ ಬಂತು! ಕಾಗದವನ್ನು ಇವರ ಮುಂದೆ ಜೋರಾಗಿ ಓದಿದೆ. ಷರತ್ತುಗಳಿವೆ. ಮೊದಲು ಅಡಿಪಾಯದ ಗುಂಡಿ ತೋರಿಸಬೇಕು. ಆಮೇಲೆ ನೆಲದಡಿಯ ಪೈಪು, ಒಡೆದ ಗೋಡೆಯ ಮೇಲೆ ಕೂರಿಸುವ ಕಬ್ಬಿಣದ ತೊಲೆ. ಇನ್‌ಸ್ಪೆಕ್ಟರ್ ನೋಡಿ ಸರಿ ಅನ್ನಬೇಕು. ಕೊನೆಗೆ ಇನ್ನೊಂದು ಸಲ ಎಲ್ಲ ನೋಡಿ ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಕೋಣೆ ಬಳಸಬಹುದು.

ಇವರು ಟೇಬಲ್ಲನ್ನು ಮೂರು ಸಲ ಕುಟ್ಟಿ "ಹೌಸ್‌ಕೀಪಿಂಗ್, ಮೇಡಂ!" ಎಂದರು. ಎಷ್ಟು ದಿನವಾಗಿತ್ತು ಕೇಳಿ. ಮದುವೆಯ ಹೊಸತರಲ್ಲಿ ನಾನು ಮುನಿಸಿಕೊಂಡು ಬಾಗಿಲು ಹಾಕಿಕೊಂಡರೆ ಹೀಗೇ ಬಂದು ತಟ್ಟುತ್ತಿದ್ದರು. "ಹೌಸ್‌ಕೀಪಿಂಗ್, ಮೇಡಂ. ರೂಮ್ ಕ್ಲೀನ್ ಮಾಡ್ಲಾ?" ನಗಬಾರದೆಂದು ಎಷ್ಟು ಹಟ ಹಿಡಿದರೂ ನಗು ಬಂದೇ ಬರುತ್ತಿತ್ತು. ಇವತ್ತೂ ಬಂತು.

ಏಪ್ರಿಲ್ 2

ಇನ್‌ಸ್ಪೆಕ್ಟರ್ ಬಂದು ಗುಂಡಿಗೆ ಇಳಿದ. ತೆಳ್ಳಗೆ, ಒಣ ಮನುಷ್ಯ. ಕಬ್ಬಿಣದ ಸರಳು ಚುಚ್ಚಿ ನೋಡಿದ. ಸಹಿ ಹಾಕಿದ. ಪಕ್ಕದ ಗೋಡೆಯ ಪಾಯದ ಬಗ್ಗೆ ಕೇಳಿದ್ದಕ್ಕೆ, "ಅದನ್ನ ನಾನು ನೋಡಿಲ್ಲಮ್ಮ. ನೋಡದೇ ಇರೋದರ ಬಗ್ಗೆ ಮಾತಾಡಲ್ಲ" ಎಂದ. ಅವನು ಹೋದ ಮೇಲೆ ಇವರು ಅವನಿಗೆ ನೋಡಿಲ್ಲಪ್ಪ ಎಂದು ನಾಮಕರಣ ಮಾಡಿದರು.

ಏಪ್ರಿಲ್ 23, ಸಂಜೆ

ಬರೆಯಲು ಕೈ ಬರುತ್ತಿಲ್ಲ.

ನೋಡಿಲ್ಲಪ್ಪ ಮಧ್ಯಾಹ್ನ ಬರುವವನಿದ್ದ. ರಜೆ ಕೇಳಿಕೊಂಡು ಬಂದೆ. ಹಿಂದಕ್ಕೆ ಹೋಗಿ ನೋಡಿದರೆ — ಪೈಪಿನ ಕಾಲುವೆ ಇಲ್ಲ. ಮಣ್ಣು ತುಂಬಿ, ಕಾಂಕ್ರೀಟ್ ಎಳೆದು, ಗುಡಿಸಿ, ನೀರು ಚಿಮುಕಿಸಿದ್ದಾರೆ. ತೊಲೆಯ ಮೇಲೆ ಪ್ಲಾಸ್ಟರ್. ಕನ್ನಡಿಯಷ್ಟು ನುಣುಪು. ಇವರು ಇಸ್ತ್ರಿ ಮಾಡಿದ ಶರ್ಟು, ಕಾಲಿಗೆ ಶೂ ಹಾಕಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ಮುಖದಲ್ಲಿ ಬೆಳಕು.

ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. "ಈಗಲೇ ಮುಚ್ಚೋದು ಬೇಡ ಅಂತ ಮೊನ್ನೆಯಿಂದ ಹೇಳ್ತಾನೇ ಇದೀನಿ ಅಕ್ಕಾ. ಸಾರ್ ಕೇಳ್ಬೇಕಲ್ಲ. ಸಾಹೇಬ್ರು ಬರೋ ಹೊತ್ತಿಗೆ ಮಣ್ಣು ಗುಂಡಿ ತೋರಿಸ್ತೀಯೇನೋ ಅಂತ ನನಗೇ ಬೈದ್ರು." ಅವನಿಗೂ ಮುಗಿಸಿ ಹೊರಡುವ ಅವಸರವಿತ್ತು. ಸುಮ್ಮನೆ ಯಾಕೆ ಅವನನ್ನು ಸಾಚಾ ಅನ್ನಲಿ? ನನ್ನ ಕಣ್ಣು ಎಲ್ಲಿತ್ತು? ಕೆಲಸದವರು ಬರುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುತ್ತೇನೆ. ಅಡುಗೆಮನೆಯಿಂದ ಆಚೆ ಕಾಲಿಟ್ಟು ಎಷ್ಟೋ ದಿನವಾಗಿತ್ತು.

ನೋಡಿಲ್ಲಪ್ಪ ಬಂದ. ಸುತ್ತ ತಿರುಗಿದ.

"ಏನು ನೋಡ್ಲಿ ಸಾರ್?"

"ಎಲ್ಲಾ ರೆಡಿ ಇದೆ ನೋಡಿ. ಗೆಸ್ಟ್ ಬರೋ ಹೊತ್ತಿಗೆ ಒಂದು ಪೈಪು, ಒಂದು ವೈರು ಕಾಣಬಾರದು. ನಮ್ಮಲ್ಲಿ ಅದೇ ರೂಲು" — ಇವರು ಹೆಮ್ಮೆಯಿಂದ.

"ನಾನು ಪೈಪು ನೋಡೋಕೇ ಬಂದಿದ್ದು ಸಾರ್."

ಅವನು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಒಡೆದು ತೋರಿಸಿ, ಆಮೇಲೆ ಹೊಸದಾಗಿ ದಿನ ತೆಗೆದುಕೊಳ್ಳಿ ಎಂದು ಹೇಳಿ ಹೋದ. ಇವರ ಶೂ ಬಿಚ್ಚುವಾಗ ನಾನು ಒಂದು ಮಾತೂ ಆಡಲಿಲ್ಲ. ಇವರು ಏನೋ ಹೇಳಲು ಬಂದರು. ಲೇಸನ್ನು ಜೋರಾಗಿ ಎಳೆದೆ. ಇವರ ಮೇಲೆ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಸತ್ಯವಾಗಿ ಬರೆಯಬೇಕೆಂದರೆ, ದ್ವೇಷವೇ ಬಂತು.

ಮೇ 20

ಮೇಸ್ತ್ರಿ ಬೇರೆ ಕೆಲಸ ಹಿಡಿದಿದ್ದಾನೆ. ಫೋನ್ ಮಾಡಿದರೆ "ನಾಳೆ ಅಕ್ಕಾ." ಅವನ ನಾಳೆಗೆ ಕೊನೆಯಿಲ್ಲ. ಬೇರೆಯವರನ್ನು ಕರೆದರೆ, ಇನ್ನೊಬ್ಬ ಮಾಡಿದ್ದಕ್ಕೆ ಕೈ ಹಚ್ಚುವುದಿಲ್ಲ ಎನ್ನುತ್ತಾರೆ.

ಅರ್ಧ ಕೋಣೆಗೆ ಪ್ಲಾಸ್ಟಿಕ್ ಹೊದಿಸಿದೆ. ಗಾಳಿಗೆ ಪಟಪಟ ಅನ್ನುತ್ತಲೇ ಇರುತ್ತದೆ. ಇವರು ಈಗ ಸ್ನಾನ ದಿನ ಬಿಟ್ಟು ದಿನ ಸಾಕು ಎನ್ನುತ್ತಾರೆ. ನನಗೆ ತೊಂದರೆ ಕೊಡಬಾರದೆಂದು. ನಾನೂ ಬೇಡ ಅನ್ನಲಿಲ್ಲ… ಸುಸ್ತು.

ಜೂನ್ 11

ಬಿದ್ದುಬಿಟ್ಟರು.

ನಾನು ಅಂಗಡಿಯಲ್ಲಿದ್ದೆ. ಟವಲ್ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಲು ಹೊರಟಿದ್ದಾರೆ. ಸೋಪಿನ ಡಬ್ಬಿ ಜೇಬಿನಲ್ಲಿತ್ತು. ಪಕ್ಕದ ಮನೆಯವರಿಗೆ ಸದ್ದು ಕೇಳಿಸಿತು. ಅದು ಪುಣ್ಯ.

ಆಸ್ಪತ್ರೆಯಲ್ಲಿ ಕೇಳಿದೆ, ಯಾಕ್ರೀ ಹತ್ತೋಕೆ ಹೋದ್ರಿ ಅಂತ. ಗೋಡೆಯ ಕಡೆ ತಿರುಗಿದರು. "ನನ್ನಿಂದ ತಾನೇ ಎಲ್ಲಾ ನಿಂತಿದ್ದು" ಎಂದರು. ಆವತ್ತಿನ ನನ್ನ ಮೌನವನ್ನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದಾರೆ. ನಾನು ಬೈದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಜುಲೈ 5

ಮನೆಗೆ ಬಂದೆವು. ಗಾಲಿಕುರ್ಚಿಯ ಜೊತೆ. ಇನ್ನು ಕೋಲಿನ ಮಾತಿಲ್ಲವಂತೆ, ಡಾಕ್ಟರು ಹೇಳಿದರು. ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಇವರು ಅತ್ತ ನೋಡುವುದಿಲ್ಲ.

ಜುಲೈ 18

ಬಿದ್ದ ಸುದ್ದಿ ಕೇಳಿ ಮೇಸ್ತ್ರಿ ತಾನಾಗೇ ಬಂದ. ಕಾಂಕ್ರೀಟು, ಪ್ಲಾಸ್ಟರ್ ಎಲ್ಲ ಒಡೆದ. ನೋಡಿಲ್ಲಪ್ಪ ಬಂದು ಪೈಪಿಗೆ ನೀರು ಬಿಡಿಸಿ ನೋಡಿದ, ತೊಲೆಯನ್ನು ತಟ್ಟಿ ನೋಡಿದ. ಎಲ್ಲ ಸರಿಯಾಗಿತ್ತಂತೆ. ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅದನ್ನು ಕೇಳಿ ಇವರು ಜೋರಾಗಿ ನಕ್ಕರು. ನನಗೆ ಹೆದರಿಕೆಯಾಯಿತು.

ಆಗಸ್ಟ್ 10, ಭಾನುವಾರ

ಹೊಸ ಕೋಣೆಗೆ ಬಾಗಿಲು ಕೂರಿಸಿದರು. ಟೇಪ್ ಹಿಡಿದುಕೊಂಡು ಹೋದೆ. ಗಾಲಿಕುರ್ಚಿ ಹಾಲಿನಲ್ಲಿತ್ತು, ಇವರು ಹಾಸಿಗೆಯಲ್ಲಿ ನಿದ್ದೆ ಮಾಡುತ್ತಿದ್ದರು. ಅಳೆಯಬಹುದಿತ್ತು. ಅಳೆಯದೆ ವಾಪಸ್ ಬಂದೆ.

ಆಗಸ್ಟ್ 29

ಕೊನೆಯ ತಪಾಸಣೆ. ನೋಡಿಲ್ಲಪ್ಪ ಕಿಟಕಿ ನೋಡಿದ, ನಲ್ಲಿ ನೋಡಿದ, ಬಾಗಿಲಿಗೆ ಟೇಪ್ ಹಿಡಿದ. "ಎರಡೂವರೆ. ಪ್ಲಾನಲ್ಲಿ ಇರೋ ಹಾಗೇ ಇದೆ." ಆಮೇಲೆ ತಿರುಗಿ ಇವರ ಕುರ್ಚಿ ನೋಡಿದ. ಸ್ವಲ್ಪ ಹೊತ್ತು ಟೇಪನ್ನು ಒಳಗೂ ಹೊರಗೂ ಎಳೆಯುತ್ತ ನಿಂತ. ಸಹಿ ಹಾಕಿದ. ನಾನು ಅವನ ಹಿಂದೆ ಗೇಟಿನವರೆಗೆ ಹೋದೆ.

"ಬಾಗಿಲು ದೊಡ್ಡದು ಮಾಡ್ಬೇಕಂದ್ರೆ ಸಾರ್?"

"ತೊಲೆ ಉದ್ದ ಬೇಕಾಗತ್ತಮ್ಮ. ಗೋಡೆ ಒಡೀಬೇಕು. ಅಂದ್ರೆ ಹೊಸ ಪ್ಲಾನು, ಹೊಸ ಅರ್ಜಿ." ಚಪ್ಪಲಿ ನೋಡಿಕೊಂಡ. "ಮೊದಲೇ ಹೇಳಿದ್ರೆ…"

ಮೊದಲೇ ಹೇಳಿದ್ದ ಒಬ್ಬ. ನಾವು ಕೇಳಲಿಲ್ಲ.

ಆಗಸ್ಟ್ 30, ಶನಿವಾರ. ಬೆಳಿಗ್ಗೆ

ಇವರೇ ಕೇಳಿದರು, ಹೋಗೋಣವಾ ಅಂತ. ಹೊಸ ಟವಲ್ ತೊಡೆಯ ಮೇಲೆ. ತಳ್ಳಿದೆ. ಬಾಗಿಲ ಹತ್ತಿರ ತಿರುಗಿಸಿ, ಹಿಂದಕ್ಕೆ ತಂದು, ಓರೆ ಮಾಡಿ, ಮತ್ತೆ ತಳ್ಳಿದೆ. ಗಾಲಿಯ ಹೊರಗಿನ ಬಳೆ ಚೌಕಟ್ಟಿಗೆ ತಾಗಿ ನಿಂತಿತು. ಹೊಸ ಬಣ್ಣ ಕಿತ್ತುಬಂತು. ಸ್ವಲ್ಪವೇ ಸ್ವಲ್ಪ. ಇನ್ನೊಂದು ಸ್ವಲ್ಪ ಇದ್ದಿದ್ದರೆ ಒಳಗಿರುತ್ತಿದ್ದೆವು.

ಎತ್ತಿಕೊಂಡು ಹೋಗಲಾ ಎಂದೆ. ನನ್ನ ಕೈಲಾಗುವ ಮಾತಲ್ಲ. ಆದರೂ ಎಂದೆ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದರು. ಚೌಕಟ್ಟನ್ನು ಕೈಯಿಂದ ಸವರಿದರು. "ಆಸ್ಪತ್ರೆ ಬಾಗಿಲು ಬೇಡ ಅಂದೋನು ನಾನೇ ತಾನೇ." ಆಮೇಲೆ ಟವಲ್ಲನ್ನು ನನ್ನ ಕೈಗಿಟ್ಟರು. "ನೀನು ಹೋಗು. ಇಷ್ಟೆಲ್ಲ ಬಡಿದಾಡಿದ್ದಕ್ಕೆ ಒಬ್ರಾದ್ರೂ ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ಬೇಕಲ್ಲ."

ಹೋದೆ. ಕೋಣೆಯ ಬಾಗಿಲು ಹಾಕಿಕೊಂಡೆ. ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟು, ಒಣಗಿದ ನೆಲದ ಮೇಲೆ ಕೂತು ಅತ್ತೆ. ನೀರಿನ ಸದ್ದಿಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದೆ. ಬಾಗಿಲು ತಟ್ಟಿದ ಸದ್ದು. ಮೂರು ಸಲ.

"ಹೌಸ್‌ಕೀಪಿಂಗ್, ಮೇಡಂ."

ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ನನಗೂ ನಗು ಬರಲಿಲ್ಲ.

ಹೊರಗೆ ಬಂದು ಒಲೆಯ ಮೇಲೆ ನೀರಿಟ್ಟೆ. ಪ್ಲಾಸ್ಟಿಕ್ ಕುರ್ಚಿ, ಗೋಣಿಚೀಲ. ಹಗ್ಗಕ್ಕೆ ಬೆಡ್‌ಶೀಟ್ ಹಾಕಿದ್ದೇನೆ. ಬೇಕೆಂದೇ ಮೂಲೆ ಎಳೆದಿಲ್ಲ. ನೀರು ಕಾಯುವವರೆಗೆ ಇದನ್ನು ಬರೆಯುತ್ತಿದ್ದೇನೆ. ಇವರು ಎದುರಿಗೇ ಇದ್ದಾರೆ, ಬೆಡ್‌ಶೀಟನ್ನೇ ನೋಡುತ್ತಿದ್ದಾರೆ. ಇಷ್ಟುದ್ದದ ಸುಕ್ಕು. ನನಗೇ ಕಾಣುತ್ತಿದೆ. ನೀರು ಕುದಿಯತೊಡಗಿತು. ಇನ್ನೂ ಏನೂ ಹೇಳ—

"ಮೂಲೆ ಎಳಿಯೇ."